ಕಾಣದ ಕಂಪ್ಯೂಟರಿಗೆ ಸಂದರ್ಶನ

ಎಂಬತ್ತರ ದಶಕದ ಕೊನೆಯಲ್ಲಿ ಸಾಗರದ ಕಚೇರಿಯೊಂದರಲ್ಲಿ ಕಂಪ್ಯೂಟರ್ ಕೆಲಸಕ್ಕೆ ನನ್ನನ್ನು ಸಂದರ್ಶನಕ್ಕೆ ಕರೆದಿದ್ದರು. ನಮ್ಮೂರು ಹೊಸನಗರದಲ್ಲಿ ಆಗ ಕಂಪ್ಯೂಟರ್ ಎಲ್ಲಿತ್ತು? ಹೆಸರುಗಳನ್ನು ಅಕಾರಾದಿಯಾಗಿ ಜೋಡಿಸುವ ಪ್ರೋಗ್ರಾಂ ಒಂದು ವಾರ, ಪಟ್ಟಿಯಲ್ಲಿ ಹುಡುಕುವ ಪ್ರೋಗ್ರಾಂ ಇನ್ನೊಂದು ವಾರ, ಹೀಗೆ ಹಾಳೆಯ ಮೇಲೇ ಅಭ್ಯಾಸ ಮಾಡಿದ್ದೆ.

ಅಧಿಕಾರಿ ಜೋಡಿಸುವುದನ್ನೇ ಕೇಳಿದರು. ಬರೆದುಕೊಟ್ಟೆ. ಅವರು ಹಾಳೆಯನ್ನು ತಿರುಗಿಸಿ ತಿರುಗಿಸಿ ನೋಡಿದರು.

“ಕಂಪ್ಯೂಟರ್ ನೋಡಿದ್ದೀಯೇನಮ್ಮಾ?”

“ಇಲ್ಲ ಸಾರ್.”

“ನಾನೂ ನೋಡಿಲ್ಲ. ಪ್ರಶ್ನೆ ಮೇಲಿಂದ ಬಂದಿದ್ದು. ಇದು ಸರಿ ಇದ್ಯಾ ಅಂತ ನೀನೇ ಹೇಳು.”

ನಾಲ್ಕು ಹೆಸರು ಇಟ್ಟುಕೊಂಡು ವಿವರಿಸಿದೆ. “ಸೋಮವಾರ ಬಂದ್ಬಿಡು. ಮಿಷನ್ ಬರೋಕೆ ಇನ್ನೂ ಎರಡು ತಿಂಗಳಿದೆ” ಎಂದರು.

ವಾಪಸು ಬಸ್ಸಿನಲ್ಲಿ ಕೂತಾಗ, ಬರೆದುಕೊಟ್ಟ ಪ್ರೋಗ್ರಾಂನ ಮೂರನೇ ಸಾಲು ತಪ್ಪಾಗಿದ್ದು ಹೊಳೆಯಿತು. ಮಿಷನ್ ಬರೋಕೆ ಎರಡು ತಿಂಗಳಿದೆಯಲ್ಲ, ತಿದ್ದಲೆಂದು ಬಸ್ಸಿನಿಂದ ಇಳಿಯಲಿಲ್ಲ.