ಕೆಮ್ಮಿದರೆ ಒಪ್ಪಿಗೆ

ಕಂಪ್ಯೂಟರಿಗೆ ನ್ಯಾಯ ಹೇಳುವುದನ್ನು ಕಲಿಸುತ್ತೇನೆಂದು ಸಂಶೋಧನೆಗೆ ಹೊರಟಿದ್ದ ಕಾಲವದು. ಇಟ್ಟಿಗೆಯಂಥ ಲ್ಯಾಪ್‌ಟಾಪ್ ಹೊತ್ತುಕೊಂಡು ಹೋಗಿ ದೊಡ್ಡಉಳ್ಳಾರ್ತಿಯ ಕುರಿಗಾರ ಬೀರಜ್ಜನ ಮುಂದೆ ಕೂತಿದ್ದೆ. ಅಜ್ಜ ಊರ ಗೌಡರ ಹೊಲದಲ್ಲಿ ಕುರಿ ಮೇಯಿಸುವುದನ್ನೇ ಮೊದಲ ಪ್ರಕರಣವಾಗಿ ತುಂಬಿಸತೊಡಗಿದೆ.

"ಕುರಿ ಬಿಡೋಕೆ ಗೌಡ್ರು ಒಪ್ಪಿದ್ರಾ ಅಜ್ಜಾ? ಹೌದು, ಇಲ್ಲ, ಎರಡರಲ್ಲಿ ಒಂದು ಹೇಳಿ."

"ಬದುವಿನ ಮ್ಯಾಲೆ ನಿಂತು ಕೆಮ್ಮಿದ್ರು ಕಣವ್ವಾ."

ಕೆಮ್ಮು ಅನ್ನುವ ಉತ್ತರ ನನ್ನ ಯಂತ್ರದಲ್ಲಿರಲಿಲ್ಲ. "ಇಲ್ಲ" ಒತ್ತಿದೆ. "ಅತಿಕ್ರಮ ಪ್ರವೇಶ" ಅಂತ ತೀರ್ಪು ಬಂತು. ಓದಿ ಹೇಳಿದ್ದೇ ತಡ, ಅಜ್ಜನ ಮುಖ ಸಣ್ಣದಾಯಿತು.

"ಮೂವತ್ತು ವರ್ಷದಿಂದ ಅದೇ ಹೊಲಕ್ಕೆ ಬಿಡ್ತೀನಿ, ನಾನು ಕಳ್ಳನಾ? ಶೇಂಗಾ ಕಿತ್ತ ಮ್ಯಾಲೆ ಕುರಿ ಬಂದ್ರೆ ಅವ್ರಿಗೇ ಗೊಬ್ಬರ. ಬಾ ಅಂತ ಕರೆದ್ರೆ ದೊಡ್ಡಸ್ತಿಕೆ ಹೋಗ್ತೈತೆ, ಅದಕ್ಕೇ ಕೆಮ್ತಾರೆ. ಬ್ಯಾಡಾಗಿದ್ರೆ ಬೈತಿದ್ರು. ಬಾಯಿ ಐತಲ್ಲ!"

ಅಲ್ಲೇ ಕೂತು ಹೊಸ ನಿಯಮ ಬರೆದೆ: ಮಾಲೀಕ ಬೈಯದೆ ಕೆಮ್ಮಿದರೆ ಒಪ್ಪಿಗೆ. ಈ ಸಲ "ತಪ್ಪಿಲ್ಲ" ಅಂತ ಬಂತು. ಅಜ್ಜ ಕುರಿಮರಿಯ ತಲೆ ಸವರಿದಂತೆ ಲ್ಯಾಪ್‌ಟಾಪ್ ಸವರಿ, "ಬುದ್ಧಿ ಐತೆ ಇದಕ್ಕೆ. ಹೇಳಿಕೊಡೋರು ಬೇಕು ಅಷ್ಟೆ" ಅಂದರು.

ಮುಂದೆ ಪ್ರಬಂಧ ಒಪ್ಪಿಸಿದಾಗ ಪರೀಕ್ಷಕರು ಈ ನಿಯಮದ ಮೇಲೆ ಬೆರಳಿಟ್ಟು ಎರಡೆರಡು ಸಲ ಓದಿದರು. ಆಮೇಲೆ ನನ್ನ ಮುಖ ನೋಡಿ ಒಮ್ಮೆ ಕೆಮ್ಮಿದರು.

ಬೈಯಲಿಲ್ಲ. ಥ್ಯಾಂಕ್ಸ್ ಸಾರ್ ಅಂದು ಎದ್ದು ಬಂದೆ.