ಮಡಿಲ ಸೊಪ್ಪು

ಐವತ್ತರ ದಶಕದ ಕೊನೆಯಲ್ಲಿ ನಾನು ಚಾಮರಾಜನಗರ ತಾಲ್ಲೂಕಿನಲ್ಲಿ ಗ್ರಾಮಸೇವಿಕೆಯಾಗಿದ್ದೆ. ಬಡವರ ಮನೆಯ ಹೆಂಗಸರಿಗೆ ಪುಷ್ಟಿಯಾದ ಅಡುಗೆ ಮಾಡುವುದನ್ನೂ ಸಂತೆಯಲ್ಲಿ ಒಳ್ಳೆಯ ತರಕಾರಿ ಆರಿಸುವುದನ್ನೂ ಕಲಿಸುವುದು ನನ್ನ ಕೆಲಸ. ಕಚೇರಿಯವರು ಕೊಟ್ಟ ಪುಸ್ತಕದ ತುಂಬ ಕ್ಯಾರೆಟ್ಟು, ಬೀಟ್‌ರೂಟು, ಮೊಟ್ಟೆ. ಅದನ್ನು ಬರೆದ ಪುಣ್ಯಾತ್ಮ ಕೂಲಿಯವರ ಒಲೆಯ ಮುಂದೆ ಒಂದು ದಿನವೂ ಕೂತವನಲ್ಲ. ಸೊಪ್ಪು ಬೇಯಿಸಿದ ನೀರು ಚೆಲ್ಲಬಾರದು ಎಂದು ನಾನು ಓದಿ ಹೇಳಿದಾಗ ಹೆಂಗಸರು ಬಾಯಿಗೆ ಸೆರಗಿಟ್ಟುಕೊಂಡು ನಕ್ಕರು. ಆ ನೀರಿನಲ್ಲೇ ಉಪ್ಸಾರು ಮಾಡಿ ಅವರು ಮುದ್ದೆ ಉಣ್ಣುತ್ತಿದ್ದರು.

ಅವರಲ್ಲೊಬ್ಬಳ ಐದು ವರ್ಷದ ಮಗಳಿಗೆ ಇರುಳುಗಣ್ಣು. ಹೊತ್ತು ಮುಳುಗಿದರೆ ಮಗು ತಟ್ಟೆಯನ್ನೂ ತಡಕಾಡಬೇಕು. ದಿನಾ ಹೊನಗೊನೆ ಸೊಪ್ಪು ತಿನ್ನಿಸು ಎಂದೆ. ಆಗಷ್ಟೇ ಊರಿನ ಯಜಮಾನರ ಅರಿಶಿನದ ಹೊಲದಲ್ಲಿ ಕಳೆ ಕೀಳುವ ಕೆಲಸ ಶುರುವಾಗಿತ್ತು. ಕಳೆಯ ಜೊತೆ ಬರುವ ಹೊನಗೊನೆಯಂಥ ಸೊಪ್ಪು ಕಿತ್ತವಳ ಮಡಿಲಿಗೆ, ಅದು ಹಿಂದಿನಿಂದ ಬಂದ ರೂಢಿ. ಅವಳು ದಿನಾ ಮಡಿಲು ತುಂಬ ತಂದಳು. ತಿಂಗಳು ಕಳೆಯುವಷ್ಟರಲ್ಲಿ ಮಗು ದೀಪ ಹಚ್ಚುವ ಹೊತ್ತಿನಲ್ಲೂ ಅಂಗಳದಲ್ಲಿ ಆಡತೊಡಗಿತು.

ನಾನು ಅಷ್ಟಕ್ಕೆ ಸುಮ್ಮನಿರಬೇಕಿತ್ತು. ಮುಂದಿನ ಪಾಠವನ್ನು ಯಜಮಾನರ ಜಗಲಿಯ ಮೇಲೆ ಇಟ್ಟುಕೊಂಡೆ, ಊರಿನಲ್ಲಿ ಜಾಗವಿದ್ದದ್ದು ಅಲ್ಲೇ. ಕೂಲಿ ಹೆಂಗಸರು ಕೆಳಗೆ ಅಂಗಳದಲ್ಲಿ ಕೂತರು. ಹೊನಗೊನೆಯ ಒಂದು ಹಿಡಿಯನ್ನು ಎತ್ತಿ ಹಿಡಿದು, ಇದರ ಮುಂದೆ ಯಾವ ಟಾನಿಕ್ಕೂ ಇಲ್ಲ ಎಂದು ಆ ಮಗುವನ್ನೇ ತೋರಿಸಿ ಭಾಷಣ ಬಿಗಿದೆ. ಯಜಮಾನರು ಎಲೆಅಡಿಕೆ ಜಗಿಯುತ್ತ ತಲೆದೂಗಿದರು. ನಾನು ಉಬ್ಬಿಹೋದೆ.

ಮರುವಾರ ಹೋದಾಗ ಹೊಲದ ಬದುವಿನಲ್ಲಿ ಯಜಮಾನರ ಆಳು ನಿಂತು ಹೆಂಗಸರ ಮಡಿಲು ಕೊಡವಿಸುತ್ತಿದ್ದ. ಎಳೆಯ ಸೊಪ್ಪು ಯಜಮಾನರ ಅಡುಗೆಮನೆಗೆ, ಮಿಕ್ಕಿದ್ದು ಅವರ ಕರೆಯುವ ಎಮ್ಮೆಗೆ. ನನ್ನ ಮೈಯೆಲ್ಲ ಉರಿದುಹೋಯಿತು. ನೆಟ್ಟಗೆ ಅವರ ಮನೆಗೇ ಹೋದೆ. ಅವರು ದನಿ ಕೂಡ ಏರಿಸಲಿಲ್ಲ.

“ನೀವೇ ಅಲ್ವೇನವ್ವ ಅದು ಔಸ್ದಿ ಅಂತ ಏಳ್ದೋರು? ನನ್ ಹೊಲದ್ ಔಸ್ದಿಯ ಊರ್ಗೆಲ್ಲ ಹಂಚಕ್ಕಾದದಾ?”

ಹಾಗಾದರೆ ನಿಮ್ಮ ಎಮ್ಮೆಗೂ ಇರುಳುಗಣ್ಣೇ ಎಂದು ಕೇಳಿಯೇಬಿಟ್ಟೆ. ಅವರು ನಕ್ಕು, ಒಳಗಿನಿಂದ ನನಗೊಂದು ಲೋಟ ಹಾಲು ತರಿಸಿದರು. ಮುಟ್ಟದೆ ಎದ್ದು ಬಂದೆ. ಚಾಮರಾಜನಗರದ ಕಚೇರಿಯಲ್ಲಿ ದೂರು ಹೇಳಿದರೆ, ದೊಡ್ಡವರ ತಂಟೆ ನಿನಗೇಕೆ, ಸಂತೆಯಲ್ಲಿ ಕ್ಯಾರೆಟ್ಟು ಆರಿಸುವುದನ್ನು ಕಲಿಸು ಎಂದರು ಅಧಿಕಾರಿ. ಹೊಲದ ಸೊಪ್ಪಿಗೇ ಗತಿಯಿಲ್ಲದವಳಿಗೆ ಕ್ಯಾರೆಟ್ಟು! ಅವರ ಮೇಜನ್ನು ಮಗುಚಿ ಹಾಕಲಿಲ್ಲವಲ್ಲ ಎಂಬ ಸಿಟ್ಟು ನನಗೆ ಇಂದಿಗೂ ಇದೆ.

ಎರಡು ತಿಂಗಳ ಮೇಲೆ ಒಂದು ಸಂಜೆ ಆ ಮಗುವಿನ ಗುಡಿಸಲಿಗೆ ಹೋದೆ. ಮಗು ಮತ್ತೆ ತಟ್ಟೆ ತಡಕಾಡುತ್ತಿತ್ತು. ತಾಯಿ ಅದರ ಕೈ ಹಿಡಿದು ಮುದ್ದೆಯ ಮೇಲಿಟ್ಟಳು. ಅವಳು ಬೈದಿದ್ದರೆ ನನಗೆ ಹಗುರವಾಗುತ್ತಿತ್ತು. ಬೈಯಲಿಲ್ಲ. ಇನ್ನು ಯಾವ ಊರುಗಳಿಗೆ ಹೋಗಿ ಪಾಠ ಹೇಳುತ್ತೀರಿ ಎಂದು ವಿಚಾರಿಸಿದಳು. ಎರಡು ಊರಿನ ಹೆಸರು ಹೇಳಿದೆ. ಆಗ ನನ್ನ ಕಡೆ ತಿರುಗಿದಳು.

“ಅಲ್ಲಿ ಸೊಪ್ಪು ಒಳ್ಳೇದು ಅಂತ ಏಳ್ಬ್ಯಾಡಿ ಕಣವ್ವ. ಕಳೆ ಅಂತ್ಲೇ ಅನ್ನಿ.”