ನನ್ನ ಮದುವೆಯಲ್ಲಿ ಮುಗಿಯುತ್ತಿದ್ದ ಕೊಲೆ ಸಿನಿಮಾ

ನಾವು ಮನೆಮಂದಿಯೆಲ್ಲ ಒಂದು ಇಂಗ್ಲಿಷ್ ಕೊಲೆ ಸಿನಿಮಾವನ್ನು ಎಷ್ಟು ಸಲ ನೋಡಿದ್ದೇವೋ ಲೆಕ್ಕವಿಲ್ಲ. ಆದರೆ ಅದರ ಕೊನೆಯನ್ನು ಮಾತ್ರ ಒಬ್ಬರೂ ನೋಡಿರಲಿಲ್ಲ. ಕೊನೆ ಇರಬೇಕಾದ ಜಾಗದಲ್ಲಿ ನನ್ನ ಮದುವೆ ಇತ್ತು. ಆ ಕೊನೆ ಏನಿರಬಹುದೆಂದು ಜೀವಮಾನವಿಡೀ ವಾದ ಮಾಡಿದವನು ನಮ್ಮಣ್ಣ. ಈಗ ಕೊನೆ ನನಗೆ ಗೊತ್ತಾಗಿದೆ, ಅಣ್ಣನಿಲ್ಲ.

ಆಗಿದ್ದಿಷ್ಟು. ಎಂಬತ್ತರ ದಶಕದಲ್ಲಿ ಖಾನಾಪುರದ ನಮ್ಮ ಮನೆಯ ಮುಂದೆ ನನ್ನ ಮದುವೆಯ ಹಂದರ ಹಾಕಿದ್ದರು. ಮದುವೆಗೆ ಮುಂಚೆಯೇ ಬಂದಿಳಿದ ಬೀಗರಿಗೆ ಬೇಸರವಾಗಬಾರದೆಂದು ಅಣ್ಣ ಟೀವಿ, ವಿಸಿಆರ್ ಬಾಡಿಗೆಗೆ ತಂದ. ಕ್ಯಾಸೆಟ್ ಮಾತ್ರ ಗೋವಾದಿಂದ ಅವನ ಗೆಳೆಯನೊಬ್ಬ ತಂದುಕೊಟ್ಟಿದ್ದು. ದೇವರ ಸಿನಿಮಾ ಹಾಕುತ್ತಾರೆಂದು ಕೈಕಾಲು ತೊಳೆದು ಬಂದು ಕುಳಿತ ಹಿರಿಯರಿಗೆಲ್ಲ ಮಾಂಸ ಕಡಿಯುವ ಕತ್ತಿ ಹಿಡಿದ ಕೊಲೆಗಾರನ ದರ್ಶನವಾಯಿತು. ಬೀಗ ಹಾಕಿದ್ದ ಹಳೆಯ ಹೋಟೆಲೊಂದಕ್ಕೆ ಅದರ ಮಾಲೀಕ, ಅವನ ಗೆಳೆಯರ ಗುಂಪು, ಒಬ್ಬ ಕೆಲಸದ ಮುದುಕಿ ಬರುತ್ತಾರೆ. ಹೊರಗೆಲ್ಲ ಹಿಮ, ಹೋಗಲು ದಾರಿಯಿಲ್ಲ. ಅಡುಗೆಯವನ ಏಪ್ರನ್ ತೊಟ್ಟು, ಮುಖ ಮುಚ್ಚಿಕೊಂಡ ಒಬ್ಬ ಅವರನ್ನು ಒಬ್ಬೊಬ್ಬರಾಗಿ ಕೋಣೆಯೊಳಗೆ ಎಳೆದುಕೊಳ್ಳುತ್ತಾನೆ. ಬಾಗಿಲು ಮುಚ್ಚುತ್ತದೆ, ಒಂದು ಚೀರಾಟ, ಬಾಗಿಲ ಕೆಳಗಿಂದ ರಕ್ತ. ಎಲ್ಲರೂ ಮುಗಿದು, ಹೋಟೆಲಿನ ಮಾಲೀಕನೊಬ್ಬನೇ ಉಳಿದು, ಕೊಲೆಗಾರ ಅವನ ಬಾಗಿಲನ್ನು ಒದೆಯುತ್ತಿರುವಾಗ ಖಾನಾಪುರದಲ್ಲಿ ಕರೆಂಟು ಹೋಯಿತು. ಆಗಿನ ಕಾಲದಲ್ಲಿ ಹೋದ ಕರೆಂಟು ತನಗೆ ಮನಸ್ಸಾದಾಗ ಬರುತ್ತಿತ್ತು. ನಾವು ಊಟ ಮಾಡಿ ಮಲಗಿದೆವು.

ಮರುದಿನ ಬೆಳಗಾವಿಯಿಂದ ಬಂದಿದ್ದ ವಿಡಿಯೋದವನು ಅರಿಷಿಣ, ಸುರಗಿ ನೀರಿನ ಶಾಸ್ತ್ರ ಎಂದು ಬಂದವರ ಮುಖವನ್ನೆಲ್ಲ ತೆಗೆದು ತೆಗೆದು, ಅಕ್ಕಿಕಾಳು ಬೀಳುವ ಹೊತ್ತಿಗೆ ಕ್ಯಾಸೆಟ್ ಖಾಲಿಯಾಯಿತೆಂದು ಕೈಯೆತ್ತಿದ. ಅಣ್ಣ ಹಿಂದುಮುಂದು ನೋಡದೆ ಒಳಗೆ ಓಡಿ, ವಿಸಿಆರಿನಲ್ಲಿದ್ದ ಕ್ಯಾಸೆಟ್ಟನ್ನೇ ಕಿತ್ತು ತಂದುಕೊಟ್ಟ. ಸಿನಿಮಾ ನಿಂತ ಜಾಗದಿಂದಲೇ ನನ್ನ ಮದುವೆ ಶುರುವಾಯಿತು. ಕ್ಯಾಸೆಟ್ಟಿನ ತುದಿ ಮುಟ್ಟುವವರೆಗೂ ಊಟದ ಪಂಕ್ತಿ ತುಂಬಿಕೊಂಡಿತು. ಕೊಲೆಗಾರ ಬಾಗಿಲು ಒದೆಯುತ್ತಾನೆ, ಮರುಕ್ಷಣ ಬ್ಯಾಂಡು ಬಾರಿಸುತ್ತದೆ, ನಾನು ತಲೆ ತಗ್ಗಿಸಿ ನಿಂತಿದ್ದೇನೆ, ಜನ ಅಕ್ಕಿಕಾಳು ಎಸೆಯುತ್ತಿದ್ದಾರೆ. ಹುಚ್ಚು ಬಿಡದೆ ಮದುವೆಯಾಗದು, ಮದುವೆಯಾಗದೆ ಹುಚ್ಚು ಬಿಡದು ಅನ್ನುತ್ತಾರಲ್ಲ, ನಮ್ಮ ಮನೆಯಲ್ಲಿ ಎರಡೂ ಒಂದೇ ಕ್ಯಾಸೆಟ್ಟಿನಲ್ಲಿದ್ದವು.

ಆಮೇಲೆ ಅಣ್ಣ ಸ್ವಂತ ವಿಸಿಆರ್ ಕೊಂಡ. ಮನೆಗೆ ಯಾರೇ ಬಂದರೂ ಮದುವೆ ತೋರಿಸಬೇಕು. ಮುಂದಕ್ಕೆ ಓಡಿಸಿ ನೇರವಾಗಿ ಮದುವೆಗೇ ಹೋಗಬಹುದಿತ್ತು, ಆದರೆ ಅವನು ಬಿಡುತ್ತಿರಲಿಲ್ಲ. "ಮೊದಲಿಂದ ನೋಡೂಣು ತಡೀರಿ, ಏನ್ ಅವಸರ ಐತಿ?" ಅನ್ನುತ್ತಿದ್ದ. ಹಾಗಾಗಿ ನನ್ನ ಮದುವೆ ನೋಡಲು ಬಂದ ಪ್ರತಿಯೊಬ್ಬರೂ ಮೊದಲು ಕೊಲೆಗಳನ್ನು ನೋಡಲೇಬೇಕಿತ್ತು. ನೋಡಿದವರೆಲ್ಲ ಒಂದೊಂದು ಅಭಿಪ್ರಾಯ ಹೇಳದೆ ಎದ್ದು ಹೋಗುತ್ತಿರಲಿಲ್ಲ.

ನಮ್ಮವ್ವನಿಗೆ ಕೊಲೆಗಾರನ ಬಗ್ಗೆ ಸಿಟ್ಟೇ ಇರಲಿಲ್ಲ. "ಹೊರಗ ಅಷ್ಟು ಥಂಡಿ ಐತಿ, ಒಬ್ಬರ ಮೈಮ್ಯಾಲೂ ಒಂದು ಶಾಲಿಲ್ಲ. ಅಂವ ಬರದಿದ್ರೂ ಸಾಯ್ತಿದ್ರು ಬಿಡು" ಅಂದಿದ್ದಳು. ಬಾಜೂ ಮನೆಯ ಮರಾಠಿ ಮಾವಶಿಗೆ ಅಲ್ಲಿನ ಕೆಲಸದ ಮುದುಕಿಯ ಮೇಲೆ ಸಂಶಯ. "ಆಕೀನ ಖೂನಿ ಮಾಡಾಕಿ. ಆಕಿ ಮಾರಿ ನೋಡ್ರಿ, ಒಮ್ಮಿನೂ ಹೆದರಿಲ್ಲ. ಖರೇ ಹೇಳತೀನಿ" ಎಂದು ಪ್ರತಿ ಸಲವೂ ಹೇಳುತ್ತಿದ್ದರು. ನನ್ನ ಗಂಡ ಮದುವೆಯಾದ ಹೊಸದರಲ್ಲಿ ಅಳಿಯನ ಗತ್ತಿನಲ್ಲಿ ಕುಳಿತು ನೋಡಿ, ಇಷ್ಟೊಂದು ಕೊಲೆಯಾಗುತ್ತಿದ್ದರೂ ಒಬ್ಬರೂ ಒಳಗಿನಿಂದ ಚಿಲಕ ಹಾಕಿಕೊಳ್ಳುವುದಿಲ್ಲವಲ್ಲ ಎಂದು ತಲೆಯಾಡಿಸಿದರು. ಅವರ ಅಭಿಪ್ರಾಯ ಮುಂದೆಂದೂ ಬದಲಾಗಲಿಲ್ಲ.

ಅಣ್ಣನದು ಮಾತ್ರ ಎಲ್ಲರಿಗಿಂತ ಬೇರೆ. ಯಾರೂ ಸತ್ತೇ ಇಲ್ಲ ಎಂಬುದು ಅವನ ವಾದ.

"ಹೆಣ ತೋರಿಸ್ಯಾರೇನು?" ಎಂದು ಕೇಳುತ್ತಿದ್ದ. "ಇಲ್ಲಲ್ಲ? ಬಾಗಲಾ ಹಾಕ್ಕೊಂಡ್ರು, ಒಳಗ ಒದರಿದ್ರು, ಕೆಂಪು ನೀರು ಹರೀತು. ಅಷ್ಟ. ಹೆಣ ನೋಡದ ಅಳಬಾರದು."

"ಹಂಗಾದ್ರ ಆ ರಕ್ತ ಎಲ್ಲಿಂದ ಬಂತು ಅಣ್ಣಾ?" ಎಂದರೆ, "ಅದನ್ನ ಕೊನೀಗೆ ಹೇಳ್ತಿದ್ರು. ಕೊನೀ ಮ್ಯಾಲೆ ನೀ ಮದುವಿ ಆಗಿ ಕುಂತಿ" ಅನ್ನುತ್ತಿದ್ದ.

ಅವನ ಹೆಂಡತಿ, ನಮ್ಮ ವೈನಿ, ಅಡುಗೆಮನೆಯಿಂದಲೇ ನಗುತ್ತಿದ್ದರು. "ನಿಮ್ಮಣ್ಣಾರು ಕಿರಾಣಿ ಅಂಗಡಿ ಬಿಟ್ಟು ದವಾಖಾನಿ ಇಡಬೇಕಿತ್ತು ನೋಡು. ಯಾರನ್ನೂ ಸಾಯಾಕ ಬಿಡೂದಿಲ್ಲ." ಅವರಿಬ್ಬರ ಪ್ರೀತಿಯ ಜಗಳಕ್ಕೆ ಈ ಸಿನಿಮಾ ಒಂದು ನೆಪವಾಗಿಬಿಟ್ಟಿತ್ತು. ವೈನಿಯ ಪ್ರಕಾರ ಎಲ್ಲರೂ ಸತ್ತಿದ್ದರು, ಮಾಲೀಕನೂ ಸಾಯುವವನೇ. ಅಣ್ಣ ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವ ಜಾತಿಯವನು, ಒಂದಿಂಚೂ ಜಗ್ಗಲಿಲ್ಲ. ಅವನ ಸ್ವಭಾವವೇ ಹಾಗೆ. ಚಿಕ್ಕವನಿದ್ದಾಗ ಹಿತ್ತಲಲ್ಲಿ ಸತ್ತು ಬಿದ್ದ ಗುಬ್ಬಿಯ ಮರಿಗೆ ನೀರು ಕುಡಿಸುತ್ತ ಕುಳಿತವನನ್ನು ಅವ್ವ ಎಳೆದುಕೊಂಡು ಬಂದದ್ದು ನನಗೆ ನೆನಪಿದೆ. ವರ್ಷಗಳು ಕಳೆದ ಮೇಲೆ ಕ್ಯಾಸೆಟ್ಟಿಗೆ ಬೂಷ್ಟು ಹಿಡಿದು ಮದುವೆಯೂ ಹೋಯಿತು, ಕೊಲೆಗಳೂ ಹೋದವು. ವಾದ ಮಾತ್ರ ಉಳಿಯಿತು.

ಹೋದ ವರ್ಷ ಅಣ್ಣನಿಗೆ ಲಿವರಿನ ಕಾಯಿಲೆ ಎಂದು ಗೊತ್ತಾಯಿತು. ಚಿಕಿತ್ಸೆಗೆ ಬೆಳಗಾವಿಗೆ ಬಂದಾಗಲೆಲ್ಲ ಹಿಂದವಾಡಿಯ ನಮ್ಮ ಮನೆಯಲ್ಲೇ ಇರುತ್ತಿದ್ದ. ಕಿರಾಣಿ ಅಂಗಡಿಯಲ್ಲಿ ಬೆಲ್ಲದ ಪೆಂಟೆ ಎತ್ತುತ್ತಿದ್ದ ಕೈಗಳು ಒಣಗಿದ್ದವು. ಒಂದು ಮಧ್ಯಾಹ್ನ ಗಂಜಿ ಕುಡಿಯುತ್ತ ನನ್ನ ಮಗಳಿಗೆ ಆ ಸಿನಿಮಾದ ಕಥೆ ಹೇಳಿದ. ಈಗಿನ ಮಕ್ಕಳಿಗೆ ಮೊಬೈಲಿನಲ್ಲಿ ಸಿಗದ್ದಿಲ್ಲ. ಹೋಟೆಲು, ಹಿಮ, ಏಪ್ರನ್ನಿನ ಕೊಲೆಗಾರ ಎಂದು ಬರೆದು ಹುಡುಕಿ, ಅವನು ಗಂಜಿ ಮುಗಿಸುವುದರೊಳಗೆ ಸಿನಿಮಾ ತೆಗೆದೇಬಿಟ್ಟಳು. "ಮಾಮಾ, ಇದಾ ಏನು? ಹಚ್ಚಲೇನು?" ಎಂದು ಅವನ ಮುಂದೆ ಹಿಡಿದಳು.

ಅಣ್ಣ ಆ ಚಿತ್ರವನ್ನೇ ನೋಡಿದ. ಆಮೇಲೆ ಮೊಬೈಲಿನ ಮೇಲೆ ಕೈಯಿಟ್ಟು ಮುಚ್ಚಿದ.

"ಈಗ ಬ್ಯಾಡ. ಆರಾಮಾಗಿ ಊರಿಗೆ ಹೋಗ್ತೀನಿ, ಆಮ್ಯಾಲೆ ನಮ್ಮ ಮನ್ಯಾಗ ಕುಂತು ನೋಡೂಣು. ನಿಮ್ಮ ಮಾಮಿನೂ ಇರಲಿ" ಅಂದ. ನನ್ನ ಕಡೆ ತಿರುಗಿ ಮೆಲ್ಲಗೆ, "ನೀನೂ ಒಬ್ಬಾಕಿ ನೋಡಬ್ಯಾಡ ತಂಗಿ. ಇಷ್ಟು ವರ್ಷ ಅವರನ್ನ ನಾ ಬದುಕಿಸಿ ಇಟ್ಟೀನಿ" ಎಂದು ನಕ್ಕ.

ನಾನೂ ನಕ್ಕೆ. ಆ ನಗುವಿನ ಕೆಳಗೆ ಅವನಿಗೆ ಹೆದರಿಕೆ ಇತ್ತೆಂದು ನನಗೆ ಗೊತ್ತಾಗಿತ್ತು. ವೈನಿ ಹೇಳಿದ್ದೇ ಖರೆಯಾಗಿಬಿಟ್ಟರೆ ಎಂಬ ಹೆದರಿಕೆ. ಮೈ ಗಟ್ಟಿಯಿದ್ದಾಗ ಸೋಲಬಹುದು, ಆ ದಿನಗಳಲ್ಲಿ ಅವನಿಗೆ ಅದು ಬೇಡವಾಗಿತ್ತು.

ಅವನು ಆರಾಮಾಗಲಿಲ್ಲ. ಡಾಕ್ಟರು ಇನ್ನು ಮನೆಗೆ ಕರೆದುಕೊಂಡು ಹೋಗಿ ಎಂದ ಮೇಲೆ ಖಾನಾಪುರಕ್ಕೆ ಹೋದ. ಅಲ್ಲಿ ನಾನು ಹೋಗಿ ಮುಟ್ಟುವುದರೊಳಗೆ ತೀರಿಕೊಂಡಿದ್ದ. ನಡುಮನೆಯಲ್ಲಿ ಗೋಡೆಗೆ ಆನಿಸಿ ಕೂರಿಸಿದ್ದರು. ಹಣೆಗೆ ವಿಭೂತಿ, ಕೊರಳಲ್ಲಿ ಹಾರ, ಭಜನೆಯವರು ವಚನ ಹಾಡುತ್ತಿದ್ದರು. ಹೆಣ ತೋರಿಸ್ಯಾರೇನು ಎಂದು ಕೇಳುತ್ತಿದ್ದವನು. ಈ ಸಲ ತೋರಿಸಿದ್ದರು. ನಾನು ಅತ್ತುಬಿಟ್ಟೆ, ಅಳಬಾರದೆಂದು ಹೇಳುವವರು ಯಾರೂ ಇರಲಿಲ್ಲ.

ಕೆಲವು ತಿಂಗಳ ಮೇಲೆ ಒಂದು ದಿನ ಬೆಳಿಗ್ಗೆ ಮಗಳ ಮೊಬೈಲಿನಲ್ಲಿ ಆ ಸಿನಿಮಾದ ಹೆಸರು ಕಂಡಿತು. ಸಿನಿಮಾ ಹಚ್ಚಲಿಲ್ಲ, ಒಬ್ಬಳೇ ನೋಡಬೇಡ ಎಂದಿದ್ದನಲ್ಲ. ಆದರೆ ಅದರ ಕೆಳಗೆ ನೋಡಿದವರ ಅಭಿಪ್ರಾಯಗಳಿದ್ದವು, ಉದ್ದಕ್ಕೂ. ನಾನು ಶಾಲೆಯಲ್ಲಿ ಇಂಗ್ಲಿಷ್ ಕಲಿಸಿದವಳು, ಕಣ್ಣು ತಾನಾಗಿಯೇ ಓದಿತು. ಒಬ್ಬ ಬರೆದಿದ್ದ: ಕೊನೆಯಲ್ಲಿ ಎಲ್ಲರೂ ಜೀವಂತ, ಮಾಲೀಕನಿಗೆ ಬುದ್ಧಿ ಕಲಿಸಲು ಹೂಡಿದ ನಾಟಕವಂತೆ, ನನ್ನ ಸಮಯ ಹಾಳು. ಇನ್ನೊಬ್ಬ, ಇದು ಶುದ್ಧ ಮೋಸ, ಒಂದಾದರೂ ಹೆಣ ಬೇಡವೇ ಎಂದಿದ್ದ. ಮತ್ತೊಬ್ಬಳು ಮೊದಲೇ ಊಹಿಸಿದ್ದೆ ಎಂದು ಜಂಬ ಕೊಚ್ಚಿದ್ದಳು. ಅಲ್ಲೊಬ್ಬರು ಇಲ್ಲೊಬ್ಬರು ಹೊಗಳಿದ್ದರು, ಉಳಿದವರದೆಲ್ಲ ಒಂದೇ ರಾಗ. ಯಾರೂ ಸಾಯಲಿಲ್ಲ, ಮೋಸವಾಯಿತು.

ಅಣ್ಣ ಗೆದ್ದಿದ್ದ. ಅಡುಗೆಮನೆಯ ಕಟ್ಟೆಗೆ ಆತು ನಿಂತು, "ಗೆದ್ದಿ ಬಿಡು ಅಣ್ಣಾ" ಎಂದು ಬಾಯಿಬಿಟ್ಟೇ ಅಂದೆ. ನಗು ಬಂತು, ಅದರ ಹಿಂದೆಯೇ ಅಳು. ಆಮೇಲೆ ಆ ಬರೆದವರ ಮೇಲೆ ಎಂಥ ಸಿಟ್ಟು ಬಂತೆಂದರೆ, ಎದುರಿಗಿದ್ದರೆ ಲಟ್ಟಣಿಗೆ ತೆಗೆದುಕೊಳ್ಳುತ್ತಿದ್ದೆ. ಯಾರೂ ಸಾಯಲಿಲ್ಲವೆಂದು ಗೊಣಗುವ ಈ ಪುಣ್ಯವಂತರಿಗೆ ಇನ್ನೂ ಯಾರೂ ಸತ್ತಿಲ್ಲವೇನೋ. ಅಷ್ಟು ಜನ ಎದ್ದು ಬಂದದ್ದಕ್ಕೆ ಒಬ್ಬರಿಗಾದರೂ ಖುಷಿಯಾಗಬಾರದೇ?

ಇದನ್ನು ವೈನಿಗೆ ತೋರಿಸಲೇಬೇಕೆನ್ನಿಸಿತು. ಗಂಡ ಹೋದ ಮೇಲೆ ಅವರು ಮಾತು ಕಡಿಮೆ ಮಾಡಿದ್ದರು. ಫೋನಿನಲ್ಲಿ ಹೂಂ ಅನ್ನುತ್ತಿದ್ದರು, ಅಷ್ಟೇ. ಅಣ್ಣನ ಗೆಲುವನ್ನು ಮುಟ್ಟಿಸಿದರೆ ಒಮ್ಮೆಯಾದರೂ ನಕ್ಕಾರು, "ನಿಮ್ಮಣ್ಣಾರ ಹಟ ನೋಡು" ಎಂದಾರು ಎಂಬ ಆಸೆ. ಖಾನಾಪುರದ ಬಸ್ಸು ಹತ್ತಿದೆ.

ಅಣ್ಣನ ಮಗ ಸಿನಿಮಾವನ್ನು ಟೀವಿಗೆ ಹಚ್ಚಿಕೊಟ್ಟು ಅಂಗಡಿಗೆ ಹೋದ, ಸೊಸೆ ಕೆಲಸಕ್ಕೆ ಹೋಗಿದ್ದಳು. ನಾವಿಬ್ಬರೇ ಕುಳಿತೆವು. ಕೊನೆ ಏನೆಂದು ನಾನು ಹೇಳಿರಲಿಲ್ಲ. ವೈನಿಗೆ ಎಲ್ಲ ನೆನಪಿತ್ತು, ಯಾವ ಬಾಗಿಲ ಹಿಂದೆ ಯಾರು ಎಂದು ಮೊದಲೇ ಹೇಳುತ್ತಿದ್ದರು. ಕೊಲೆಗಾರ ಮಾಲೀಕನ ಬಾಗಿಲು ಒದೆಯುವಾಗ ಇಬ್ಬರೂ ಅಭ್ಯಾಸದಿಂದ ಬ್ಯಾಂಡಿನ ಸದ್ದಿಗೆ ಕಾದೆವು. ಬ್ಯಾಂಡು ಬರಲಿಲ್ಲ. ಬಾಗಿಲು ಮುರಿಯಿತು. ಮಾಲೀಕ ಕೈಮುಗಿದು ತಾನು ಮಾಡಿದ ದಗಾವನ್ನೆಲ್ಲ ಒಪ್ಪಿಕೊಂಡ. ಆಮೇಲೆ ಒಂದೊಂದು ಕೋಣೆಯ ಬಾಗಿಲು ತೆರೆದು, ಸತ್ತವರೆಲ್ಲ ಕೆಂಪು ಬಣ್ಣ ಒರೆಸಿಕೊಳ್ಳುತ್ತ, ನಗುತ್ತ ಹೊರಗೆ ಬಂದರು. ಒಬ್ಬರನ್ನೊಬ್ಬರು ಅಪ್ಪಿಕೊಂಡರು.

"ಅಣ್ಣ ಹೇಳಿದ್ದ ಖರೇ ಆತು ನೋಡ್ರಿ ವೈನಿ" ಅಂದೆ.

ವೈನಿ ನಗಲಿಲ್ಲ. ಟೀವಿಯನ್ನೇ ನೋಡುತ್ತಿದ್ದರು.

"ಇದು ಮೋಸ" ಅಂದರು.

ಆ ಅಪರಿಚಿತರು ಬರೆದದ್ದೂ ಇದೇ ಮಾತು. ಅವರಿಗೆಂದು ನಾನು ಕಟ್ಟಿಟ್ಟುಕೊಂಡಿದ್ದ ಬೈಗುಳ ಒಂದೂ ಬಾಯಿಗೆ ಬರಲಿಲ್ಲ. ನಾನು ಗೆಲುವು ಎಂದು ತಂದದ್ದು ಅವರಿಗೆ ಏನಾಗಿತ್ತೆಂದು ಆಗ ತಿಳಿಯಿತು.

"ಅವರ ಹಣೀಗೆ ನಾನ ವಿಭೂತಿ ಹಚ್ಚೀನಿ" ಅಂದರು ವೈನಿ. "ಎಲ್ಲಾರೂ ಹಿಂದ ಜಗ್ಗಿದ್ರೂ ಸ್ಮಶಾನಕ್ಕ ಹೋಗಿ ನನ್ನ ಕೈಲೆ ಮಣ್ಣು ಹಾಕಿ ಬಂದೀನಿ. ಹಿಂಗ ನಕ್ಕೋತ ಎದ್ದು ಬರೂದಿದ್ರ ನಾ ಯಾಕ ಹಾಕ್ತಿದ್ನಿ?"

ನಾನು ಟೀವಿ ಆರಿಸಿದೆ. ವೈನಿ ಅಳತೊಡಗಿದರು, ಮಣ್ಣಿನ ದಿನವೂ ಅಳದಿದ್ದವರು.